ಸಾಹೇಬರ ವಿದ್ಯೆಗೆ ನಾನು ಕಟ್ಟಿದ ಬೆಲೆ

ಸರಕಾರಿ ನೌಕರನ ಮಾನ ಹೋಗಲು ಕಚೇರಿ ವೇಳೆಯೇ ಬೇಕೆಂದಿಲ್ಲ; ನನ್ನದು ಹೆಚ್ಚಾಗಿ ಭಾನುವಾರವೇ ಹೋಗುತ್ತಿತ್ತು. ತೊಂಬತ್ತರ ದಶಕದ ಆರಂಭ. ನಾನು ಸಿಂಧನೂರಿನ ಒಂದು ಕಚೇರಿಯಲ್ಲಿ ಗುಮಾಸ್ತ, ಹೆಂಡತಿ ಲಿಂಗಸುಗೂರಿನಲ್ಲಿ ಟೀಚರು. ಹೊಸದಾಗಿ ಮದುವೆಯಾಗಿತ್ತು. ಅಲ್ಲಿಗೆ ವರ್ಗ ಮಾಡಿಕೊಡಿ ಎಂದು ಸಾಹೇಬರಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದೆ.

ಆಗಲೇ ಹೈದರಾಬಾದಿನಲ್ಲಿ ಓದುತ್ತಿದ್ದ ತಮ್ಮ ಒಂದು ಆಟ ಕಲಿಸಿಹೋದ. ಹಾಸಿಲ್ಲ, ಕಾಯಿಲ್ಲ, ದಾಳ ಮತ್ತು ಬಾಯಿ ಇದ್ದರೆ ಸಾಕು. ಒಬ್ಬ ಕಥೆ ನಡೆಸಬೇಕು, ಉಳಿದವರು ಆ ಕಥೆಯೊಳಗಿನ ವೀರರು. ಗೆದ್ದಾಗ ‘ಅನುಭವ’ದ ಅಂಕ ಸಿಗುತ್ತದೆ. ಆ ಅಂಕ ಖರ್ಚು ಮಾಡಿ ಈಜು, ಕತ್ತಿವರಸೆ ಮುಂತಾದ ಹೊಸ ವಿದ್ಯೆ ಕಲಿಯಬೇಕು. ಯಾವ ವಿದ್ಯೆಗೆ ಎಷ್ಟು ಅಂಕ ಎಂದು ಗೊತ್ತು ಮಾಡುವವನು ನಾನು. ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಕಚೇರಿಯ ಅಕೌಂಟೆಂಟರು, ಟೈಪಿಸ್ಟ್ ಎಲ್ಲ ಸೇರಿ ಆಡತೊಡಗಿದೆವು. ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದಲೇ.

೧. ಉಳಿತಾಯ

ಮರ ಹತ್ತುವುದಕ್ಕೆ ಬರೀ ಐದು ಅಂಕ ಇಟ್ಟಿದ್ದೆ. ನಮ್ಮ ಕಚೇರಿಯ ಅಕೌಂಟೆಂಟರು ಅದನ್ನೂ ಕಲಿಯಲಿಲ್ಲ. ಬಂದ ಅಂಕವನ್ನೆಲ್ಲ ಕೂಡಿಡುತ್ತ ಹೋದರು.

“ಮುಂದ ಅಡವಿ ಐತ್ರಿ, ಮರ ಹತ್ತೋದಾದ್ರೂ ಕಲೀರಿ” ಅಂದೆ.

“ಈಗ್ಯಾಕ ಖರ್ಚು? ರಿಟೈರ್ ಆದ ಮ್ಯಾಲೆ ಬೇಕಾಗ್ತಾವ.”

ಮುಂದಿನ ದಾಳಕ್ಕೇ ಹುಲಿ ಬಂತು. ಉಳಿದವರು ಮರ ಹತ್ತಿದರು, ಇವರನ್ನು ಹುಲಿ ತಿಂದುಹಾಕಿತು. ಹಿರಿಯರನ್ನು ಹುಲಿಗೆ ಹಾಕಿದೆನಲ್ಲ ಎಂದು ನಾನು ನಾಚಿ ತಲೆ ತಗ್ಗಿಸಿದೆ. ಅವರು ಹುಲಿಯ ಸುದ್ದಿಯನ್ನೇ ಎತ್ತಲಿಲ್ಲ. ಕನ್ನಡಕ ಒರೆಸಿಕೊಂಡು, “ಕೂಡಿಟ್ಟಿದ್ದು ನನ್ನ ಹೆಂಡ್ತಿ ಹೆಸರಿಗೆ ಆಗ್ತೈತೇನ್ರಿ?” ಎಂದು ಕೇಳಿದರು.

೨. ಸರ್ವಿಸ್

ಆಟದ ಸುದ್ದಿ ಸಾಹೇಬರ ಕಿವಿಗೂ ಬಿತ್ತು. ಒಂದು ಭಾನುವಾರ ಅವರೇ ಬಂದು ಕುಳಿತರು. ಹೊಸಬರಿಗೆ ಒಂದು ಅಂಕವೂ ಇರುವುದಿಲ್ಲ ಎಂದೆ.

“ನನ್ನ ಸರ್ವಿಸ್ ಇಪ್ಪತ್ತು ವರ್ಷ ಆತು. ಈ ಟೈಪಿಸ್ಟ್ ಸಂಗಾಟ ನಾನೂ ಸೊನ್ನೆಯಿಂದ ಶುರು ಮಾಡ್ಬೇಕೇನು?”

ನನ್ನ ಅರ್ಜಿ ಇನ್ನೂ ಅವರ ಮೇಜಿನ ಮೇಲಿತ್ತು. “ಛೇ ಛೇ, ಸರ್ವಿಸ್ ಹಿಡಿದು ಅಂಕ ಕೊಡ್ತೀವ್ರಿ ಸಾಹೇಬ್ರ” ಎಂದುಬಿಟ್ಟೆ. ಅದು ಸಾಲದೆಂದು ಅವರಿಗಷ್ಟೇ ಬೆಲೆಯನ್ನೂ ಅರ್ಧ ಮಾಡಿದೆ. ಟೈಪಿಸ್ಟ್ ನನ್ನನ್ನೇ ನೋಡುತ್ತಿದ್ದ; ನಾನು ದಾಳ ನೋಡುತ್ತ ಕುಳಿತೆ.

ಸಂಜೆಯೊಳಗೆ ಸಾಹೇಬರು ಕತ್ತಿ, ಬಿಲ್ಲು, ಕುದುರೆ ಸವಾರಿ, ಹಕ್ಕಿಗಳ ಭಾಷೆ ಎಲ್ಲ ಕಲಿತು ಮುಗಿಸಿದರು. ಆಗ ರಾಕ್ಷಸ ಬಂದ. ಎಲ್ಲರೂ ಅವರ ಮುಖ ನೋಡಿದೆವು. ಅವರು ಟೈಪಿಸ್ಟನ ಕಡೆ ತಿರುಗಿ, “ನೀ ಹೋಗಿ ಬಡದಾಡು. ಆಮ್ಯಾಲೆ ನಾ ಸಹಿ ಮಾಡ್ತೀನಿ” ಎಂದರು.

೩. ಮಾಯವಾಗುವ ವಿದ್ಯೆ

ವರ್ಗಕ್ಕಾಗಿ ಸಾಹೇಬರನ್ನು ಖುಷಿಪಡಿಸಲು ಹೋಗಿ, ಭಾನುವಾರ ಲಿಂಗಸುಗೂರಿಗೆ ಹೋಗುವುದೇ ನಿಂತಿತು. ಕಡೆಗೆ ಹೆಂಡತಿಯೇ ಮಸ್ಕಿ ಮೇಲಿನ ಬಸ್ಸಿಗೆ ಬಂದಿಳಿದಳು. ಪಡಸಾಲೆಯಲ್ಲಿ ಆಟ ಕಂಡವಳು ನನ್ನನ್ನು ಒಳಗೆ ಕರೆದಳು.

“ಅಲ್ರೀ, ಆಟ ನಡೆಸವ್ರು ನೀವು. ನಿಮ್ಮನ್ನ ಅವರು ಹ್ಯಾಂಗ ಬಿಡ್ತಾರ? ಮೊದಲು ಅವರಿಗೆ ಬ್ಯಾಸರ ಬರೋ ಹಂಗ ಮಾಡ್ರಿ.”

ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ. ಅವಳ ಮುಖ ನೋಡಲು ನಾಚಿಕೆಯಾಯಿತು.

ಹೊರಗೆ ಬಂದು ಸಾರಿದೆ: ಇನ್ನು ಉಳಿದದ್ದು ಮಾಯವಾಗುವ ವಿದ್ಯೆಯೊಂದೇ, ಬೆಲೆ ಹತ್ತು ಸಾವಿರ ಅಂಕ, ಸರ್ವಿಸ್ ಹಿಡಿಯುವುದಿಲ್ಲ. ಒಂದು ಭಾನುವಾರಕ್ಕೆ ಮೂವತ್ತು ಅಂಕ ಬಂದರೆ ಹೆಚ್ಚು. ಯಾರಿಗಾದರೂ ಸಿಟ್ಟು ಬರಬೇಕು.

ಸಾಹೇಬರು ಸಿಟ್ಟಾಗಲಿಲ್ಲ. ಪೆನ್ನು ತೆಗೆದು ಅಂಗೈ ಮೇಲೆ ಲೆಕ್ಕ ಹಾಕಿದರು. “ಭಾನುವಾರ ತಪ್ಪಿಸದಂಗ ಆಡಿದ್ರ ಆರೂವರಿ ವರ್ಷಕ್ಕ ಬರ್ತೈತಿ!” ಎಂದು ಖುಷಿಯಾದರು. ಆಮೇಲೆ ಚಹಾ ತಂದ ನನ್ನ ಹೆಂಡತಿಗೆ ಅಭಯ ಕೊಟ್ಟರು:

“ಚಿಂತಿ ಮಾಡಬ್ಯಾಡವಾ. ಅಲ್ಲೀತನಕ ನಿನ್ನ ಗಂಡನ್ನ ಸಿಂಧನೂರಿಂದ ಯಾರೂ ಅಲ್ಲಾಡಸದಂಗ ನಾ ನೋಡ್ಕೋತೀನಿ.”