ಟೈಗರ್ ಅತ್ತದ್ದು ಯಾರಿಗೆ?

ಸಿದ್ದಲಿಂಗೇಶನ ಕಾಲು ಉಳುಕಿದ್ದೇ ಇಷ್ಟಕ್ಕೆಲ್ಲ ಮೂಲ. ಚಳ್ಳಕೆರೆಯ ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದ ಅವನು ರಜೆ ಹಾಕಿ ಮನೆಯಲ್ಲೇ ಬಿದ್ದುಕೊಂಡಿದ್ದ. ಸೋಮವಾರ ಒಂಬತ್ತಕ್ಕೆ ಮತ್ತೆ ಕೆಲಸಕ್ಕೆ ಹೊರಟದ್ದೇ ತಡ, ಅಂಗಳದಲ್ಲಿದ್ದ ಅವನ ನಾಯಿ ಟೈಗರ್ ಮೂತಿ ಮೇಲೆತ್ತಿ ಊಳಿಟ್ಟಿತು. ಮಂಗಳವಾರವೂ ಅದೇ ಹೊತ್ತಿಗೆ ಅದೇ ರಾಗ. ಅನ್ನ ಮುಟ್ಟಲಿಲ್ಲ, ಗೇಟು ಕೆರೆಯಿತು, ಅವನ ಚಪ್ಪಲಿಯನ್ನು ಚಿಂದಿ ಮಾಡಿತು.

ಫೋನಿನಲ್ಲಿ ಹುಡುಕಿದರೆ ಎಲ್ಲ ಲಕ್ಷಣಗಳೂ ಟೈಗರನ್ನೇ ನೋಡಿ ಬರೆದಂತಿದ್ದವು. ಪ್ರೀತಿಸುವವರನ್ನು ಬಿಟ್ಟಿರಲಾರದ ನಾಯಿ ಹೀಗೆಲ್ಲ ಮಾಡುತ್ತದಂತೆ. ಸಿದ್ದಲಿಂಗೇಶನಿಗೆ ನಾಯಿಯ ಮೇಲೆ ಮರುಕ ಬಂತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಹೆಮ್ಮೆ ಬಂತು. ಅಂಗಡಿಯಲ್ಲಿ ಅವನು ರಜೆಯಲ್ಲಿದ್ದದ್ದನ್ನು ಯಾರೂ ಗಮನಿಸಿರಲಿಲ್ಲ. ಹೆಂಡತಿ ತ್ರಿವೇಣಿ ಅವನು ಹೊರಟರೆ 'ಬರುವಾಗ ಕೊತ್ತಂಬರಿ' ಎನ್ನುವಳೇ ಹೊರತು ತಲೆಯೆತ್ತಿ ನೋಡುವವಳಲ್ಲ. ತಾನು ಹೋದನೆಂದು ಅಳುವ ಜೀವ ಪ್ರಪಂಚದಲ್ಲಿ ಒಂದಾದರೂ ಇದೆಯಲ್ಲ ಎಂದು ಅವನ ಎದೆ ತುಂಬಿ ಬಂತು.

ಗ್ರಹಚಾರಕ್ಕೆ ಪಕ್ಕದ ಮನೆಯವರು ಇದಕ್ಕೆ ಬೇರೆಯೇ ಅರ್ಥ ಕಟ್ಟಿದರು. ಶೇಂಗಾ ವ್ಯಾಪಾರವನ್ನು ಮಗನಿಗೆ ವಹಿಸಿ ಜಗಲಿಯಲ್ಲಿ ಕಾಲ ಕಳೆಯುತ್ತಿದ್ದ ಮುರುಗೇಂದ್ರಪ್ಪನವರು ಸೋಮವಾರವೇ ಸಣ್ಣ ಜ್ವರ ಬಂದು ಮಲಗಿದ್ದರು. ನಾಯಿ ತಮ್ಮ ಬಾಗಿಲಿಗೇ ಮುಖ ಮಾಡಿ ಊಳಿಡುತ್ತಿದೆ ಎಂದು ಕೇಳಿದ ಮೇಲೆ, ಜ್ವರ ಬಿಟ್ಟರೂ ಅವರು ಹಾಸಿಗೆ ಬಿಡಲಿಲ್ಲ. ನಾಯಿಯ ಕಣ್ಣಿಗೆ ಯಮದೂತರು ಕಾಣುತ್ತಾರೆಂಬುದು ಯಾರಿಗೆ ಗೊತ್ತಿಲ್ಲ? ಬುಧವಾರ ಗಂಜಿಯನ್ನೂ ಬೇಡವೆಂದರು. ತಂಗಿ ಸೂರಮ್ಮ ತಳಕು ಊರಿನಿಂದ ಅಳುತ್ತಲೇ ಬಂದಿಳಿದರು.

ಗುರುವಾರ ಸಿದ್ದಲಿಂಗೇಶ ಮದುವೆ ಸೀರೆ ತರಲು ಮೊಳಕಾಲ್ಮುರಿಗೆ ಹೋಗಬೇಕಿತ್ತು. ಬ್ಯಾಗು ಹೆಗಲಿಗೇರಿಸುತ್ತಿದ್ದಂತೆ ಟೈಗರ್ ಶುರು ಮಾಡಿತು. ಮುರುಗೇಂದ್ರಪ್ಪನವರ ಮಗ ಶಶಿಕಾಂತ ಬಂದು ಗೇಟಿಗೆ ಅಡ್ಡ ನಿಂತ.

"ಸಿದ್ದಲಿಂಗಣ್ಣ, ಇವತ್ತು ಇತ್ಯರ್ಥ ಆಗ್ಲಿ. ನಮ್ ಟ್ರ್ಯಾಕ್ಟ್ರು ಪರಶುರಾಂಪುರಕ್ಕೆ ಹೊಂಟೈತೆ. ನಾಯಿನ ಹತ್ಸು. ಅಲ್ಲಿ ಕುರಿ ಕಾಯೋರಿಗೆ ಕೊಟ್ ಬರ್ತಾರೆ."

"ಅಣ್ಣನ ಒಂದ್ ಕಾಲಿನ ಮೆಟ್ಟು ಬೇರೆ ಕಾಣ್ತಿಲ್ಲ ಕಣಪ್ಪಾ," ಎಂದು ಸೂರಮ್ಮ ಸೆರಗು ಬಾಯಿಗಿಟ್ಟರು. "ಹಿಂಗೆ ಒಂಟಿ ಮೆಟ್ಟು ಉಳಿಯೋದು ಒಳ್ಳೇದಲ್ಲ."

ಎದುರಿನ ಗ್ಯಾರೇಜಿನ ಜುಲ್ಫಿಕರ್ ಸ್ಪ್ಯಾನರ್ ಹಿಡಿದುಕೊಂಡೇ ಬಂದ. ಅವನ ಹಿಂದೆ ಬೀದಿಯೂ ಬಂತು. ಸಿದ್ದಲಿಂಗೇಶನಿಗೆ ಬೇರೆ ದಾರಿ ಕಾಣಲಿಲ್ಲ.

"ಅದು ಸಾವಿಗೆ ಅಳ್ತಿಲ್ರೀ," ಎಂದ. ಕಿವಿ ಬಿಸಿಯಾದವು. "ನನಗೆ ಅಳ್ತೈತೆ. ನನ್ನ ಬಿಟ್ಟಿರಕ್ಕಾಗಲ್ಲ ಅದಕ್ಕೆ."

"ನಿಮ್ಮನ್ನಾ?" ಎಂದಳು ತ್ರಿವೇಣಿ ಬಾಗಿಲಲ್ಲಿ ನಿಂತು. ಬೀದಿಗೆ ಬೀದಿಯೇ ನಕ್ಕಿತು.

"ಬೇಕಾದ್ರೆ ತೋರುಸ್ತೀನಿ. ನಾನು ಹೋದ್ರೆ ಊಳಿಡ್ತೈತೆ, ಬಂದ್ರೆ ನಿಲ್ಸುತ್ತೆ. ಸುಳ್ಳಾದ್ರೆ ನಾನೇ ಟ್ರ್ಯಾಕ್ಟ್ರಿಗೆ ಹತ್ತುಸ್ತೀನಿ."

"ನಾನೂ ನೋಡ್ಬೇಕು," ಎಂದು ಪಕ್ಕದ ಮನೆಯೊಳಗಿನಿಂದ ಕ್ಷೀಣ ದನಿ ಕೇಳಿತು. ತಾವು ಉಳಿಯುತ್ತೇವೋ ಇಲ್ಲವೋ ಎಂದು ಕಣ್ಣಾರೆ ಕಾಣಲು ಮುರುಗೇಂದ್ರಪ್ಪನವರು ತಂಗಿಯ ಹೆಗಲು ಹಿಡಿದು ಜಗಲಿಗೆ ಬಂದು ಕೂತರು. ಅಷ್ಟರಲ್ಲಿ ಟೈಗರ್ ತೆಪ್ಪಗಾಗಿತ್ತು.

"ನೋಡ್ರಿ, ನಾನು ನಿಂತ್ನಲ್ಲ, ಅದಕ್ಕೇ!" ಎಂದ ಸಿದ್ದಲಿಂಗೇಶ.

ನಾಯಿಯ ತಲೆ ಸವರಿ, "ಬರ್ತೀನಪ್ಪಾ" ಎಂದು ಹೇಳಿ ಬೀದಿಯ ತಿರುವಿನವರೆಗೆ ಹೋದ. ಸದ್ದಿಲ್ಲ. ವಾಪಸು ಬಂದು ಮೈದಡವಿ ಮತ್ತೆ ಹೋದ. ಟೈಗರ್ ಕಿವಿ ಕೆರೆದುಕೊಂಡಿತು.

"ಸಿದ್ದು ಭಾಯ್, ಜರಾ ಅತ್ಕೊಂಡು ಹೋಗಿ. ನೀವು ಹೋಗ್ತಿರೋದು ಅದಕ್ಕೆ ಗೊತ್ತೇ ಆಗಿಲ್ಲ," ಎಂದ ಜುಲ್ಫಿಕರ್.

ಹೇಳಿಸಿಕೊಳ್ಳದೆಯೇ ಕಣ್ಣು ತುಂಬಿತ್ತು. ಮೂರನೇ ಸಲ ಸಿದ್ದಲಿಂಗೇಶ ತಿರುವಿನ ಆಚೆ ಮೋರಿಯ ಮೇಲೆ ನಿಂತು, "ಟೈಗರ್, ಹೋಗ್ತಿದ್ದೀನಿ ಕಣೋ!" ಎಂದು ಕೂಗಿದ. ಮಗ್ಗಿ ಮರೆತ ಹುಡುಗನ ಹಾಗೆ ತಲೆ ತಗ್ಗಿಸಿ ಹಿಂದಿರುಗಿದ. ತ್ರಿವೇಣಿಯ ಮುಖದಲ್ಲಿ ಈಗ ನಗುವೂ ಇರಲಿಲ್ಲ, ಕನಿಕರ ಇತ್ತು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಹಂಗಾದ್ರೆ ನನಗೇ ಅಳ್ತಿದ್ದದ್ದು. ನನ್ ಕತೆ ಮುಗೀತು, ಸೂರವ್ವಾ," ಎಂದು ಮುರುಗೇಂದ್ರಪ್ಪನವರು ಎದ್ದು ಒಳಗೆ ಹೆಜ್ಜೆ ಇಟ್ಟರು.

ಟೈಗರ್ ಓಣಿ ನಡುಗುವಂತೆ ಊಳಿಟ್ಟಿತು. ಬೆಚ್ಚಿಬಿದ್ದು ಅವರು ತಿರುಗಿದರು. ಟೈಗರ್ ಬಾಲ ಅಲ್ಲಾಡಿಸಿತು. ಒಳಗೆ ಹೋದರು, ಊಳು. ಹೊರಗೆ ಬಂದರು, ಬಾಲ. ಆಮೇಲೆ ನಾಯಿ ಅಂಗಳದ ಕಲ್ಲುಚಪ್ಪಡಿಯ ಕೆಳಗಿನಿಂದ ಏನನ್ನೋ ಕಚ್ಚಿಕೊಂಡು, ಎರಡು ಮನೆಗಳ ನಡುವಿನ ಮೋಟು ಗೋಡೆ ಹಾರಿ, ಅವರ ಪಾದದ ಬಳಿ ಇಟ್ಟಿತು. ಅವರದೇ ಮೆಟ್ಟು. ಅದರ ಮೇಲೆ ಹಲ್ಲಿನ ಒಂದು ಗುರುತೂ ಇರಲಿಲ್ಲ.

"ಅಯ್ಯೋ ನನ್ನಪ್ಪನೇ!" ಎಂದು ಮುರುಗೇಂದ್ರಪ್ಪನವರು ನಾಯಿಯನ್ನು ತಬ್ಬಿಕೊಂಡರು. "ದಿನಾ ಒಂಬತ್ತಕ್ಕೆ ಇಲ್ಲಿ ಕೂತು ಬನ್ನು ತಿನ್ನುಸ್ತಿದ್ದೆ, ಕಷ್ಟಸುಖ ಹೇಳ್ಕಂತಿದ್ದೆ. ಸೋಮವಾರದಿಂದ ಬರಲಿಲ್ಲ ನೋಡು, ಅದಕ್ಕೇ ಹಂಬಲಿಸೈತೆ. ಸೂರವ್ವಾ, ಹಸಿವಾಗ್ತೈತೆ, ತಟ್ಟೆ ಹಾಕು!"

ಟ್ರ್ಯಾಕ್ಟರು ನಾಯಿಯಿಲ್ಲದೆ ಹೋಯಿತು. ಬಸ್ಸು ಸಿದ್ದಲಿಂಗೇಶನಿಲ್ಲದೆ ಹೋಯಿತು. ಸಂಜೆ ಟೈಗರಿನ ಅನ್ನದ ತಟ್ಟೆಯೂ ಗೋಡೆಯಾಚೆ ಹೋಯಿತು. ಅವನು ಬೇಡವೆನ್ನಲಿಲ್ಲ. ಬೇಡವೆನ್ನಲು ಅವನಿಗೆ ಮುಖವೇ ಇರಲಿಲ್ಲ.

ಮರುದಿನ ಒಂಬತ್ತಕ್ಕೆ ಹೊರಟ. ತಿರುವಿನಲ್ಲಿ ನಿಂತು ಸ್ವಲ್ಪ ಹೊತ್ತು ಕಿವಿಗೊಟ್ಟ. ಎಲ್ಲೂ ಸದ್ದಿಲ್ಲ. ಕರ್ಚೀಫು ಮರೆತೆನೆಂದು ತನಗೆ ತಾನೇ ಹೇಳಿಕೊಂಡು ವಾಪಸು ಬಂದು, ತನ್ನ ಮನೆಯ ಗೇಟಿನ ಚಿಲಕಕ್ಕೆ ಕೈ ಹಾಕಿದ. ಪಕ್ಕದ ಜಗಲಿಯಿಂದ ಟೈಗರ್ ಹಲ್ಲು ಕಿರಿದು ಬೊಗಳಿತು.

"ಏ ಟೈಗರ್, ಸುಮ್ನಿರು," ಎಂದು ಮುರುಗೇಂದ್ರಪ್ಪನವರು ಬನ್ನು ಮುರಿಯುತ್ತಾ ಗದರಿದರು. "ಗೊತ್ತಿರೋರೇ ಅವ್ರು."