ಫ್ರಿಜ್ಜಿನಲ್ಲಿ ಕುರಿಯ ಮಿದುಳಿಟ್ಟ ನಾದಿನಿ

ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ನನ್ನ ನಾದಿನಿ ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, "ಅತ್ತಿಗೆ, ನಮ್ಮ ಸಬ್ಜೆಕ್ಟೇ ಮುಚ್ಬುಡ್ತಾರಂತೆ" ಎಂದಳು.

ನಾನೇನಂದೆ ಗೊತ್ತೆ? "ನಂಜುಂಡೇಶ್ವರ ಕೊನೆಗೂ ಕಣ್ಣು ಬಿಟ್ಟ!"

ಬೈಯಬೇಡಿ. ವಿದ್ಯಾರಣ್ಯಪುರದಲ್ಲಿ ಇಂಥವಳು ಇನ್ನೊಬ್ಬಳಿದ್ದರೆ ತೋರಿಸಿ, ನಂಜನಗೂಡಿಗೆ ನಡೆದೇ ಹೋಗಿಬರುತ್ತೇನೆ! ಅತ್ತೆಯವರು ಹೋದಮೇಲೆ ನನ್ನ ಕೈಯಲ್ಲೇ ಬೆಳೆದವಳು. ಎರಡು ಸಾವಿರದ ಮೊದಮೊದಲ ವರ್ಷಗಳು. ಓರಗೆಯ ಹುಡುಗಿಯರೆಲ್ಲ ಬಿ.ಕಾಂ. ಸೇರಿದರೆ ಇವಳು ಪುಟ್ಟದೊಂದು ಕಾಲೇಜು ಹುಡುಕಿಕೊಂಡು ಹೋಗಿ ನರವಿಜ್ಞಾನ ಹಿಡಿದಳು. ತರಗತಿಗೆ ಮೂರೇ ಜನ. ಅವರಲ್ಲಿ ಇಬ್ಬರು ಬರುವುದೇ ಅಪರೂಪ.

ಒಂದು ಬೆಳಿಗ್ಗೆ ಮೊಸರಿಗೆಂದು ಫ್ರಿಜ್ ತೆರೆದರೆ ಪಕ್ಕದ ಡಬ್ಬಿಯಲ್ಲಿ ಕುರಿಯ ಮಿದುಳು! ಮಂಡಿ ಮೊಹಲ್ಲಾದ ಮಾಂಸದಂಗಡಿಯಿಂದ ತಂದದ್ದಂತೆ. ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು!

"ಏನೇ ಇದು?"

"ತಿನ್ನೋಕಲ್ಲ ಅತ್ತಿಗೆ, ಓದೋಕೆ. ಕಾಲೇಜಲ್ಲಿ ಫ್ರಿಜ್ಜಿಲ್ಲ."

"ಓದೋದಾದ್ರೆ ಪುಸ್ತಕದ ಬೀರುವಲ್ಲಿಡು ಕಣೇ!"

ಮೂರು ದಿನ ಕೂಗಾಡಿದೆ. ಮೂರು ದಿನವೂ ಮಿದುಳು ಅಲ್ಲೇ ಇತ್ತು. ಪಕ್ಕದ ಮನೆಯ ಫ್ರಿಜ್ಜಿಗೆ ಹೋದದ್ದು ಮೊಸರು.

ಇನ್ನೊಂದು ದಿನ ಜಪಕ್ಕೆ ಕೂತಿದ್ದೇನೆ, ಗಡಿಯಾರ ಹಿಡಿದು ಎದುರಿಗೇ ಬಂದು ಕೂರಬೇಕೆ?

"ಅತ್ತಿಗೆ, ನಲವತ್ತನೇ ಮಣಿ ಹತ್ರ ಬೆರಳು ನಿಂತೋಯ್ತು. ಏನ್ ನೆನೆಸ್ಕೊಂಡ್ರಿ?"

"ಶಿವನ್ನ!"

"ಸುಳ್ಳು. ಮೂಗು ಒಲೆ ಕಡೆ ತಿರುಗ್ತು."

ಹಾಲು ಸೀಯುತ್ತಿತ್ತು! ನಿಜ ಹೇಳಿದವರ ಮೇಲೆ ಬರುವ ಸಿಟ್ಟಿದೆಯಲ್ಲ, ಅದರ ಕಾವೇ ಬೇರೆ ಕಣ್ರೀ.

ಅದಕ್ಕೇ ಅವತ್ತು, ಸಬ್ಜೆಕ್ಟ್ ಮುಚ್ಚುತ್ತಾರೆ ಅಂದಾಗ, ನಾನು ಹಿಗ್ಗಿದ್ದು. ಆದರೆ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಪಕ್ಕದಲ್ಲಿ ಕೂತು ಕಾಯಿ ಸುಲಿದಳು, ಊಟವನ್ನೂ ಮಾಡಲಿಲ್ಲ. ಒಂದು ಪ್ರಶ್ನೆಯಿಲ್ಲ, ಒಂದು ಪರೀಕ್ಷೆಯಿಲ್ಲ! ನನ್ನ ಸಿಟ್ಟು ಅಲ್ಲೇ ದಿಕ್ಕು ಬದಲಿಸಿತು. ಮಾರನೆಯ ದಿನ ಹಣೆ ತುಂಬ ವಿಭೂತಿ ಬಳಿದುಕೊಂಡು ಅವಳನ್ನೂ ಎಳೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ.

"ಮೂರು ಜನಕ್ಕೋಸ್ಕರ ಒಂದು ವಿಭಾಗ ನಡೆಸೋಕಾಗುತ್ತಾಮ್ಮ? ಬಾಟನಿ ತಗೊಳ್ಲಿ ಬಿಡಿ" ಎಂದರು.

"ಸ್ವಾಮಿ, ನಿಮ್ಮಲ್ಲಿ ಜಾಗ ಇಲ್ಲ ಅಂತ ಕುರಿ ಮಿದುಳನ್ನ ನನ್ನ ಫ್ರಿಜ್ಜಲ್ಲಿಟ್ಕೊಂಡೆ. ದಿನಾ ಲಿಂಗಪೂಜೆ ಮಾಡೋ ಮನೇಲಿ! ನಾನೇ ತಡ್ಕೊಂಡಿದೀನಿ, ನಿಮಗೇನ್ರೀ ಬಂದಿರೋದು?"

ಅವರು ನನ್ನನ್ನು ಬಿಟ್ಟು ಅವಳತ್ತ ತಿರುಗಿದರು. "ಇದೇ ಯಾಕಮ್ಮ ಬೇಕು ನಿನಗೆ?"

ಅವಳು ನೆಲ ನೋಡುತ್ತಾ ಹೇಳಿದಳು: "ನಮ್ಮಮ್ಮ ತಲೆನೋವು ಅಂತ ಮಲಗ್ದೋರು ಏಳ್ಲೇ ಇಲ್ಲ ಸರ್. ಮಿದುಳಲ್ಲಿ ರಕ್ತ ಸೋರಿತ್ತಂತೆ. ಅವತ್ತು ಅತ್ತಿಗೆ ಶುಂಠಿ ಕಷಾಯ ಕೊಟ್ಟು ಮಲಗ್ಸಿದ್ರು. ತನ್ನಿಂದ್ಲೇ ಹೋದ್ರು ಅಂತ ಇವತ್ತಿಗೂ ಅಂದ್ಕೊಂಡಿದಾರೆ. ಅಲ್ಲ ಅಂತ ನಾನು ಹೇಳ್ಬೇಕು. ಪೂರ್ತಿ ಓದಿ ಹೇಳ್ಬೇಕು ಸರ್, ಸುಮ್ನೆ ಸಮಾಧಾನಕ್ಕೆ ಹೇಳಿದ್ರೆ ಇವರು ನಂಬಲ್ಲ."

ಆ ಮಾತನ್ನು ನಾನು ಶಿವನ ಮುಂದೆ ಬಿಟ್ಟರೆ ಇನ್ನಾರ ಮುಂದೆಯೂ ಆಡಿರಲಿಲ್ಲ. ಗಂಡನ ಮುಂದೆಯೂ! ಜಪದ ಹೊತ್ತಿಗೆ ಗಡಿಯಾರ ಹಿಡಿದು ಕೂರುತ್ತಿದ್ದವಳು ಅದನ್ನೂ ಕೇಳಿಸಿಕೊಂಡಿದ್ದಳು.

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. "ಈ ಮೂವರ ಓದು ಮುಗಿಯೋವರೆಗೂ ನಡೀಲಿ" ಎಂದರು. ಅಷ್ಟೇ. ಶಿವ ಕೊಡುವುದೇ ಹಾಗೆ, ಸಣ್ಣ ಸಣ್ಣ ಪೊಟ್ಟಣ ಕಟ್ಟಿ.

ಬಸ್ಸಿನಲ್ಲಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದೆ. ಮನೆಗೆ ಬಂದು, ಕಾಲು ತೊಳೆದು, ನಾಳೆಯ ಇಡ್ಲಿಗೆ ಉದ್ದಿನಬೇಳೆ ನೆನೆಹಾಕಿದೆ.