ಹಳೇ ಆಂಪ್ಲಿಫೈಯರಿಗೆ ಹೊಸ ಬಾಕ್ಸು

ಮಧುಗಿರಿಯಲ್ಲಿ ನನ್ನದು ಆಂಪ್ಲಿಫೈಯರ್ ರಿಪೇರಿ ಅಂಗಡಿ. ಫೋನಿನ ಹಾಡು ಹಳೇ ಆಂಪ್ಲಿಫೈಯರಿನಲ್ಲಿ ಬರಲೆಂದು ಬ್ಲೂಟೂತ್ ಬಾಕ್ಸ್ ಜೋಡಿಸುವುದೇ ಈಗೀಗ ಹೆಚ್ಚು ಕೆಲಸ. ಜೋಡಿಸುವುದು ಚಿಟಿಕೆ ಹೊಡೆದಷ್ಟು ಸುಲಭ. ಆಮೇಲೆ ಆಗುವುದಕ್ಕೆ ಮಾತ್ರ ನಾನು ಜವಾಬ್ದಾರನಲ್ಲ.

೧. ಮುಚ್ಚಳ

ಶಿರಾದ ಕಡ್ಲೆಕಾಯಿ ಮಂಡಿಯ ಸಾಹುಕಾರರು ಬಾಕ್ಸ್ ಕೆಟ್ಟಿದೆ ಎಂದು ಫೋನ್ ಮಾಡಿದರು. ಹೋಗಿ ನೋಡಿದರೆ, ಧೂಳು ಕೂರಬಾರದೆಂದು ಅದನ್ನು ಸ್ಟೀಲ್ ಡಬ್ಬಿಯೊಳಗಿಟ್ಟು ಬಿಗಿಯಾಗಿ ಮುಚ್ಚಿದ್ದಾರೆ, ವೈರಿಗಷ್ಟೇ ತೂತು. ಸ್ಟೀಲಿನೊಳಗೆ ಸಿಗ್ನಲ್ ಹೋಗುವುದಿಲ್ಲ ಎಂದು ಮುಚ್ಚಳ ತೆಗೆದೆ, ಹಾಡು ಬಂತು. ಮುಚ್ಚಿದೆ, ನಿಂತಿತು. ಸಾಹುಕಾರರು ತಾವೇ ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡಿದರು.

"ಅಂಗೇ ಇರ್ಲಿ ಬುಡಿ. ಗಿರಾಕಿ ಬಂದಾಗ ಮುಚ್ಚಿದ್ರಾಯ್ತು. ಫೋನಲ್ಲಿ ನಂಗೆ ಹಾಡು ನಿಲ್ಸೋ ಬಟನ್ನೇ ಸಿಗಾಕಿಲ್ಲ."

೨. ಎಸರು

ಪಾವಗಡದ ಕಡೆ ರಾಯಚರ್ಲಿನಲ್ಲಿ ಸೋಲಾರ್ ಪಾರ್ಕಿನ ಕೆಲಸಗಾರರೊಬ್ಬರ ಮನೆ. ಫೋನು ಅವರ ಜೇಬಿನಲ್ಲಿ. ಅವರು ಹೊರಟರೆ ಹಾಡು ನಿಲ್ಲುತ್ತದೆ, ವಾಪಸ್ ಮನೆ ಗೇಟಿನ ಹತ್ತಿರ ಬಂದರೆ ತಾನಾಗಿ ಶುರುವಾಗುತ್ತದೆ. ನಿಮ್ಮ ಫೋನಿಗೇ ಜೋಡಿಸಿಕೊಡುತ್ತೇನೆ, ಹಾಡು ನಿಲ್ಲುವುದಿಲ್ಲ ಎಂದೆ ಅವರ ಹೆಂಡತಿಗೆ. ಆಕೆ ಒಪ್ಪಲಿಲ್ಲ. ಹಾಡು ಬಂದರೆ ಮುದ್ದೆಗೆ ಎಸರಿಡುತ್ತಾರಂತೆ, ಗಂಡ ಬಿಸಿಬಿಸಿ ಉಣ್ಣಲಿ ಎಂದು. ಕೇಳಿ ನನಗೂ ಹಿತವಾಯಿತು.

"ಹಾಡು ಬಂದು ಮನುಷ್ಯ ಬರ್ನಿಲ್ಲ ಅಂದ್ರೆ, ಪಕ್ಕದ ಮನೇಲಿ ಇಸ್ಪೀಟಿಗೆ ಕೂತವ್ರೆ ಅಂತಾನೂ ಗೊತ್ತಾಯ್ತದಣ್ಣ."

೩. ಕಂದಪದ್ಯ

ಕೊರಟಗೆರೆಯ ನಿವೃತ್ತ ಮೇಷ್ಟ್ರು ಪೌರಾಣಿಕ ನಾಟಕದಲ್ಲಿ ಯಾವಾಗಲೂ ರಾಜಪಾರ್ಟು. ಈ ವಯಸ್ಸಲ್ಲಿ ಇವರಿಗೆ ಗಂಟಲೆಲ್ಲಿದೆ ಎಂದು ಹೆಂಡತಿ ನಾಟಕದವರ ಎದುರೇ ಅಂದುಬಿಟ್ಟಿದ್ದರು. ಮೇಷ್ಟ್ರು ಪಾರ್ಟೂ ಬಿಟ್ಟರು, ಹೆಂಡತಿಯ ಜೊತೆ ಮಾತೂ ಬಿಟ್ಟರು. ಅವರ ಆಂಪ್ಲಿಫೈಯರಿಗೆ ಹೊಸ ಬಾಕ್ಸ್ ಹಾಕಿಸಿದರೆ ಮುನಿಸು ಇಳಿದೀತೆಂದು ಆಕೆಯೇ ನನ್ನನ್ನು ಕರೆಸಿದ್ದರು. ಇಬ್ಬರೂ ನನ್ನೊಡನೆ ಚೆನ್ನಾಗಿ ಮಾತಾಡಿದರು, ಒಬ್ಬರೊಡನೊಬ್ಬರು ಇಲ್ಲ. ನನಗೇ ಸಂಕಟವಾಯಿತು.

ಆಕೆಯ ಫೋನ್ ಜೋಡಿಸಿ, ಪರೀಕ್ಷೆಗೆಂದು ಕಣ್ಣಿಗೆ ಬಿದ್ದ ಆಡಿಯೋ ಒತ್ತಿದೆ. ದೊಡ್ಡ ಸ್ಪೀಕರಿನಲ್ಲಿ ಮೇಷ್ಟ್ರ ಕಂದಪದ್ಯ ಮೊಳಗಿತು. ಅವರು ಬಚ್ಚಲಲ್ಲಿ ಒಬ್ಬರೇ ಹಾಡಿಕೊಂಡದ್ದನ್ನು ಆಕೆ ಬಾಗಿಲಾಚೆಯಿಂದ ಕದ್ದು ರೆಕಾರ್ಡ್ ಮಾಡಿ ತಂಗಿಗೆ ಕಳಿಸಿದ್ದು. ಪದ್ಯ ಮುಗಿದ ಮೇಲೆ ಆಕೆಯ ಪಿಸುದನಿ: "ಕೇಳ್ದೇನೇ? ಈ ಗಂಟ್ಲು ಇನ್ಯಾವ ರಾಜಂಗೈತೆ? ನಮ್ಮನೆಯವ್ರಿಗೆ ಹೇಳ್ಬ್ಯಾಡ ಕಣಮ್ಮ, ಕಾಲು ನೆಲದ ಮ್ಯಾಲೆ ನಿಲ್ಲಾಕಿಲ್ಲ."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಗಾಬರಿಯಲ್ಲಿ ವೈರನ್ನೇ ಕಿತ್ತೆ. ಒಳಗಿನಿಂದ ಮೇಷ್ಟ್ರು ಬಂದು, ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಪದ್ಯ ಬ್ಯಾಡ ಕಣೇ, ಅದು ನಂಗೆ ಬತ್ತದೆ. ಆಮೇಲಿನ ಮಾತು ಸರಿಯಾಗಿ ಕೇಳ್ನಿಲ್ಲ, ಇನ್ನೊಂದ್ಸಲ ಹಾಕು."